ವಿಧಾನ ಮಂಡಲದ ಸಮಿತಿ ಬಂದು ಹೋದ ಮೇಲೆ ಪಂಚಾಯಿತಿಗೆ ಏನು ಉಳಿಯುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ವಿಧಾನ ಮಂಡಲದ ಸ್ಥಳೀಯ ಸಂಸ್ಥೆಗಳ ಸಮಿತಿ ಜಿಲ್ಲೆಗೆ ಬರುತ್ತದೆಂದು ನಮ್ಮ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೂರು ದಿನ ಹಳೆಯ ಲೆಕ್ಕದ ಕಡತಗಳನ್ನು ಹುಡುಕಿ ತಾಲ್ಲೂಕು ಪಂಚಾಯಿತಿಗೆ ಮಾಹಿತಿ ಕಳುಹಿಸಿದರು. ಆಮೇಲೆ ಏನಾಯಿತೆಂದು ನಮಗೆ ಯಾರೂ ತಿಳಿಸಲಿಲ್ಲ. ಈ ಸಮಿತಿಗೆ ನಮ್ಮ ಮೇಲೆ ಅಧಿಕಾರವಿದೆಯೇ? ನಮ್ಮ ಊರಿನ ಹಳ್ಳಕ್ಕೆ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಆಗಬೇಕು, ಅರಣ್ಯ ಇಲಾಖೆ ಜಾಗ ತನ್ನದೆನ್ನುತ್ತಿದೆ, ಹಣಕಾಸು ಆಯೋಗದ ದುಡ್ಡು ಇದ್ದರೂ ಖರ್ಚು ಮಾಡಲಾಗುತ್ತಿಲ್ಲ. ಇಂಥದ್ದನ್ನು ಸಮಿತಿ ಕೇಳುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಸಮಿತಿಗೆ ನಿಮ್ಮ ಪಂಚಾಯಿತಿಯ ಮೇಲೆ ನೇರ ಅಧಿಕಾರವಿಲ್ಲ. ನಿಮ್ಮ ನಿರ್ಣಯವನ್ನು ಅದು ರದ್ದುಪಡಿಸಲಾರದು, ಅಧ್ಯಕ್ಷರನ್ನು ಕೆಳಗಿಳಿಸಲಾರದು, ಪಿಡಿಒ ಅವರನ್ನು ಅಮಾನತಿನಲ್ಲಿಡಲೂ ಆಗದು. ಸದಸ್ಯರ ಮೇಲಿನ ದುರ್ನಡತೆಯ ಕ್ರಮ 1993ರ ಪಂಚಾಯತ್ ರಾಜ್ ಅಧಿನಿಯಮದ 43ಎ ಪ್ರಕರಣದ ಪ್ರಕಾರ, ಅಧ್ಯಕ್ಷ ಉಪಾಧ್ಯಕ್ಷರನ್ನು ತೆಗೆಯುವುದು 48(4)ರ ಪ್ರಕಾರ ನಡೆಯುತ್ತದೆ; ಆ ಅಧಿಕಾರವೆಲ್ಲ ಸರ್ಕಾರದ್ದು. ಸಮಿತಿಯ ಕೆಲಸ ಬೇರೆ. ನಿಮ್ಮನ್ನು ನೋಡಿಕೊಳ್ಳಬೇಕಾದ ಸರ್ಕಾರ ಹೇಗೆ ನೋಡಿಕೊಂಡಿದೆ ಎಂಬುದನ್ನು ಅದು ಪರಿಶೀಲಿಸುತ್ತದೆ. ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಸದಸ್ಯರಲ್ಲಿ ಮಾತ್ರವಲ್ಲ, ಅಧಿಕಾರಿಗಳಲ್ಲೂ ಇದೆ. ಸಮಿತಿ ಬರುತ್ತದೆಂದರೆ ಪಂಚಾಯಿತಿ ಕಚೇರಿಗೆ ಸುಣ್ಣ ಬಳಿಸುವ ವಾಡಿಕೆ ಬಹುಶಃ ಆ ತಪ್ಪು ತಿಳಿವಳಿಕೆಯಿಂದಲೇ ಹುಟ್ಟಿದ್ದು.

ಹೆಸರಿನ ಗೊಂದಲವನ್ನೂ ಇಲ್ಲೇ ತಿಳಿಗೊಳಿಸುತ್ತೇನೆ. ಪತ್ರಿಕೆಗಳಲ್ಲಿ ‘ಸದನ ಸಮಿತಿ’ ಎಂದು ಬರುವುದು ಸಾಮಾನ್ಯವಾಗಿ ಒಂದು ನಿರ್ದಿಷ್ಟ ಹಗರಣದ ತನಿಖೆಗೆಂದು ರಚನೆಯಾಗಿ, ವರದಿ ಕೊಟ್ಟ ಮೇಲೆ ಮುಗಿದುಹೋಗುವ ಸಮಿತಿ. ನಿಮ್ಮ ಜಿಲ್ಲೆಗೆ ಬಂದದ್ದು ಸ್ಥಳೀಯ ಸಂಸ್ಥೆಗಳು ಮತ್ತು ಪಂಚಾಯತ್ ರಾಜ್ ಸಂಸ್ಥೆಗಳ ಸಮಿತಿ. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜುಗಳ ಸಮಿತಿ, ಸರ್ಕಾರಿ ಭರವಸೆಗಳ ಸಮಿತಿಗಳ ಹಾಗೆ ಇದೂ ಕಾಲಕಾಲಕ್ಕೆ ಪುನರ್ರಚನೆಯಾಗುತ್ತ ನಿರಂತರವಾಗಿ ಇರುವಂಥದ್ದು. ಮಂತ್ರಿಗಳು ಇಂಥ ಸಮಿತಿಗಳಲ್ಲಿ ಕೂರುವುದಿಲ್ಲ, ಏಕೆಂದರೆ ಪರಿಶೀಲನೆ ನಡೆಯುವುದೇ ಅವರ ಇಲಾಖೆಗಳ ಮೇಲೆ. ಇದಕ್ಕೆ ಬಲ ಬರುವುದು ಸಂವಿಧಾನದ 194ನೇ ಅನುಚ್ಛೇದದಿಂದ, ಅಂದರೆ ಶಾಸನಸಭೆಯ ಹಕ್ಕುಬಾಧ್ಯತೆಗಳಿಂದ. ಮತ್ತು 208ನೇ ಅನುಚ್ಛೇದದ ಅಡಿಯಲ್ಲಿ ಸದನ ತಾನೇ ಮಾಡಿಕೊಂಡ ಕಾರ್ಯವಿಧಾನ ನಿಯಮಗಳಿಂದ. ಸಮಿತಿ ಕರೆದಾಗ ಇಲಾಖೆಯ ಕಾರ್ಯದರ್ಶಿ ಹೋಗಲೇಬೇಕು, ಕೇಳಿದ ದಾಖಲೆಯನ್ನು ಕೊಡಲೇಬೇಕು. ಅಧಿಕಾರ ಅಷ್ಟೇ ಆದರೂ ಅದು ಸಣ್ಣದಲ್ಲ.

ಇದು ರಾಜ್ಯದ ಶಾಸನಸಭೆಯ ಕೆಲಸ ಯಾಕಾಯಿತು ಎಂದರೆ, ಸ್ಥಳೀಯ ಆಡಳಿತ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 5ನೇ ಬಾಬ್ತು. 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದಾಗ ಪಂಚಾಯಿತಿಗೂ ಪುರಸಭೆಗೂ ಸಂವಿಧಾನದಲ್ಲಿ ಸ್ಥಾನ ಸಿಕ್ಕಿತು ನಿಜ. ಆದರೆ ಅವುಗಳಿಗೆ ಯಾವ ಅಧಿಕಾರ, ಎಷ್ಟು ಹಣ, ಲೆಕ್ಕವನ್ನು ಯಾರು ನೋಡಬೇಕು ಎಂಬುದೆಲ್ಲ ರಾಜ್ಯದ ಶಾಸನಸಭೆ ಮಾಡುವ ಕಾನೂನಿಗೇ ಬಿಟ್ಟ ವಿಷಯವಾಗಿ ಉಳಿಯಿತು. 243ಜೆ ಅನುಚ್ಛೇದವನ್ನು ಓದಿ ನೋಡಿ: ಪಂಚಾಯಿತಿಗಳ ಲೆಕ್ಕ ಇಡುವುದಕ್ಕೂ ಅದರ ಪರಿಶೋಧನೆಗೂ ರಾಜ್ಯ ವಿಧಾನ ಮಂಡಲ ಕಾನೂನಿನ ಮೂಲಕ ಉಪಬಂಧ ಮಾಡಬಹುದು ಎಂದಷ್ಟೇ ಅಲ್ಲಿದೆ. ಕಾನೂನು ಮಾಡಿದವರೇ ಅದು ನಡೆಯುತ್ತಿದೆಯೇ ಎಂದು ನೋಡುವುದು ಸಹಜ. ಇದಕ್ಕೂ ಮೊದಲೇ, 1978ರಲ್ಲಿ ವರದಿ ಕೊಟ್ಟ ಅಶೋಕ್ ಮೆಹ್ತಾ ಸಮಿತಿ, ದುರ್ಬಲ ವರ್ಗದವರಿಗೆಂದು ಕೊಟ್ಟ ಹಣ ಅವರಿಗೇ ತಲುಪಿದೆಯೇ ಎಂದು ಪರಿಶೀಲಿಸಲು ಜಿಲ್ಲಾ ಮಟ್ಟದ ವ್ಯವಸ್ಥೆಯ ಜೊತೆಗೆ ಶಾಸಕರ ಸಮಿತಿಯೊಂದೂ ಇರಬೇಕೆಂದು ಹೇಳಿತ್ತು. ಕರ್ನಾಟಕ ಆ ವರದಿಯ ಅನೇಕ ಅಂಶಗಳನ್ನು 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾನೂನಿನಲ್ಲಿ ಅಳವಡಿಸಿಕೊಂಡಿತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಆ ಮಂಡಲ ಪಂಚಾಯಿತಿಗಳನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ.

ಇನ್ನು ಸಮಿತಿಯ ಕೆಲಸ ನಡೆಯುವ ಬಗೆ. ಬಹುಪಾಲು ಕೆಲಸ ಕಾಗದದ ಮೇಲೆಯೇ ನಡೆಯುತ್ತದೆ. ನೀವು ಕಂಡ ಕಾರುಗಳ ಸಾಲು ಅದರಲ್ಲಿ ಸಣ್ಣ ಭಾಗ. ಸಮಿತಿ ಒಂದು ವಿಷಯವನ್ನು ಆರಿಸಿಕೊಂಡ ಮೇಲೆ ವಿಧಾನ ಮಂಡಲದ ಸಚಿವಾಲಯದಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಅಥವಾ ನಗರಾಭಿವೃದ್ಧಿ ಇಲಾಖೆಗೆ ಪ್ರಶ್ನಾವಳಿ ಹೋಗುತ್ತದೆ. ಅದು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ), ಅಲ್ಲಿಂದ ತಾಲ್ಲೂಕಿನ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ), ಅಲ್ಲಿಂದ ನಿಮ್ಮ ಪಿಡಿಒ ಅವರ ವಾಟ್ಸಾಪ್‌ಗೆ ‘ಅತೀ ಜರೂರು’ ಎಂಬ ಒಕ್ಕಣೆಯೊಂದಿಗೆ ಇಳಿಯುತ್ತದೆ. ಕೆಳಗಿನಿಂದ ಹೋದ ಉತ್ತರಗಳು ಮೇಲೆ ಒಟ್ಟಾಗಿ ಒಂದು ಕೋಷ್ಟಕವಾಗುತ್ತವೆ. ನಿಮ್ಮ ಪಂಚಾಯಿತಿ ಅಲ್ಲಿ ಒಂದು ಸಾಲು. ಎಷ್ಟೋ ಸಲ ಸಾಲೂ ಅಲ್ಲ, ತಾಲ್ಲೂಕಿನ ಮೊತ್ತದಲ್ಲಿ ಕರಗಿದ ಒಂದು ಅಂಕಿ. ಅನಂತರ ಕಾರ್ಯದರ್ಶಿಗಳ ಮೌಖಿಕ ಸಾಕ್ಷ್ಯ, ಬೇಕೆನಿಸಿದರೆ ಸ್ಥಳ ಪರಿಶೀಲನೆ, ಕೊನೆಗೆ ವರದಿ. ವರದಿ ಸದನದಲ್ಲಿ ಮಂಡನೆಯಾಗುತ್ತದೆ. ಶಿಫಾರಸುಗಳ ಮೇಲೆ ಏನು ಕ್ರಮ ಕೈಗೊಂಡಿದ್ದೇವೆ ಎಂಬುದನ್ನು ಇಲಾಖೆ ಹೇಳಬೇಕಾಗುತ್ತದೆ. ನಿಮಗೆ ಮರಳಿ ಏನೂ ಬರಲಿಲ್ಲ ಎಂದಿದ್ದೀರಿ. ಬರುವುದಾದರೆ ಅದು ಸಮಿತಿಯ ಹೆಸರಿನಲ್ಲಿ ಬರುವುದಿಲ್ಲ; ಒಂದೆರಡು ವರ್ಷ ಕಳೆದ ಮೇಲೆ ಇಲಾಖೆಯ ಸುತ್ತೋಲೆಯ ರೂಪದಲ್ಲಿ ಬರುತ್ತದೆ, ಅದರ ಉಲ್ಲೇಖದ ಸಾಲುಗಳಲ್ಲಿ ಸಮಿತಿಯ ಸಭೆಯ ದಿನಾಂಕವಿರುತ್ತದೆ. ಆ ಉಲ್ಲೇಖದ ಸಾಲನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ.

ಸಮಿತಿಗೆ ಮುಖ್ಯ ಆಹಾರ ಲೆಕ್ಕಪರಿಶೋಧನಾ ವರದಿಗಳು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಲೆಕ್ಕವನ್ನು ಮಹಾಲೇಖಪಾಲರ ಕಚೇರಿ ನೋಡುತ್ತದೆ. ಗ್ರಾಮ ಪಂಚಾಯಿತಿಯ ಲೆಕ್ಕವನ್ನು ಅಧಿನಿಯಮದ 246ನೇ ಪ್ರಕರಣದಂತೆ ರಾಜ್ಯದ ಲೆಕ್ಕಪರಿಶೋಧನಾ ಇಲಾಖೆ ನೋಡುತ್ತದೆ. ನಾನು ಆ ಎರಡನೆಯ ಕೆಲಸದಲ್ಲೇ ತಲೆ ನರೆಯಿಸಿಕೊಂಡವನು, ಆದ್ದರಿಂದ ಒಂದು ಪ್ಯಾರಾದ, ಅಂದರೆ ವರದಿಯಲ್ಲಿ ಬರೆದ ಒಂದು ಆಕ್ಷೇಪಣೆಯ, ಕಥೆಯನ್ನು ಹೇಳಿದರೆ ಮಿಕ್ಕದ್ದು ತಾನಾಗಿ ತಿಳಿದೀತು.

ಶರಾವತಿ ಹಿನ್ನೀರಿನಂಚಿನ ಒಂದು ಪಂಚಾಯಿತಿ. ಆಷಾಢದ ಮಳೆಗೆ ವಹಿಗಳ ಹಾಳೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಶಾಯಿ ಮುಂದಿನ ಪುಟಕ್ಕೆ ಇಳಿಯುತ್ತಿತ್ತು. ಆ ವರ್ಷ ಒಂದು ಕಾಲುಸಂಕಕ್ಕೆ ಹಣ ಪಾವತಿಯಾಗಿತ್ತು. ವೋಚರ್ ಇತ್ತು, ನಡಾವಳಿಯಲ್ಲಿ ನಿರ್ಣಯವಿತ್ತು, ಮಾಡಿದ ಕೆಲಸವನ್ನು ಎಂಜಿನಿಯರ್ ಅಳೆದು ಬರೆಯುವ ಅಳತೆ ಪುಸ್ತಕ ಇರಲಿಲ್ಲ. ಸ್ಥಳಕ್ಕೆ ಹೋದರೆ ಸಂಕವೂ ಇರಲಿಲ್ಲ. ಹಳ್ಳ ಅದನ್ನು ಕೊಂಡೊಯ್ದಿತ್ತು, ಶಾಲೆಗೆ ಹೋಗುವ ಮಕ್ಕಳು ಮತ್ತೆ ಅಡಿಕೆ ಮರ ಸೀಳಿದ ದಬ್ಬೆಯ ಮೇಲೆ ದಾಟುತ್ತಿದ್ದರು. ಕೆಲಸವಾಗಿದೆ ಎಂದು ಊರವರೆಲ್ಲ ಹೇಳಿದರು. ನನಗೂ ನಂಬಿಕೆಯಿತ್ತು. ಆದರೆ ಪರಿಶೋಧಕನ ನಂಬಿಕೆಗೆ ದಾಖಲೆಯ ಬೆಲೆಯಿಲ್ಲ; ಮೊಬಲಗನ್ನು ಆಕ್ಷೇಪಣೆಯಲ್ಲಿಟ್ಟು ಬರೆದೆ. ಆಗಿನ ಪಿಡಿಒ ವರ್ಗವಾದರು. ಮುಂದೆ ಬಂದವರು ‘ಕಡತ ಪ್ರಭಾರದಲ್ಲಿ ಬಂದಿಲ್ಲ’ (ಅಧಿಕಾರ ವಹಿಸಿಕೊಂಡಾಗ ಕೈಗೆ ಸಿಕ್ಕಿಲ್ಲ) ಎಂದು ಅನುಪಾಲನೆ, ಅಂದರೆ ಆಕ್ಷೇಪಣೆಗೆ ಉತ್ತರ, ಬರೆದರು. ಅವರ ನಂತರದವರು ಅದೇ ವಾಕ್ಯವನ್ನು ನಕಲು ಮಾಡಿದರು. ನಾನು ನಿವೃತ್ತನಾಗುವವರೆಗೂ ಆ ಪ್ಯಾರಾ ತೀರುವಳಿಯಾಗಿರಲಿಲ್ಲ. ಅಳತೆ ಪುಸ್ತಕ ಬರೆದ ಎಂಜಿನಿಯರರನ್ನು ಕೇಳಿ ಒಂದು ಪ್ರತಿ ತರಿಸಿಕೊಂಡಿದ್ದರೆ ಆ ಆಕ್ಷೇಪಣೆ, ಇಂಥವನ್ನು ತೀರಿಸಲೆಂದೇ ಸೇರುವ ಮೊದಲ ಅಡ್‌ಹಾಕ್ ಸಮಿತಿ ಸಭೆಯಲ್ಲೇ ಬಿದ್ದುಹೋಗುತ್ತಿತ್ತು.

ಇಂಥ ಸಾವಿರಾರು ಪ್ಯಾರಾಗಳು ಒಟ್ಟಾಗಿ ವಿಧಾನಸೌಧ ತಲುಪಿದಾಗ ಸಮಿತಿ ಕೇಳುವ ಪ್ರಶ್ನೆ ಕಾಲುಸಂಕದ್ದಲ್ಲ. ಇಷ್ಟು ಆಕ್ಷೇಪಣೆಗಳು ಇಷ್ಟು ವರ್ಷ ಯಾಕೆ ಉಳಿದವು, ತೀರುವಳಿಯ ಸಭೆಗಳನ್ನು ಜಿಲ್ಲೆಯಲ್ಲಿ ಯಾಕೆ ನಡೆಸಲಿಲ್ಲ, ವರ್ಗವಾದ ನೌಕರರಿಂದ ವಸೂಲಿ ಯಾಕೆ ಆಗಲಿಲ್ಲ ಎಂದು ಅದು ಕಾರ್ಯದರ್ಶಿಯನ್ನು ಕೇಳುತ್ತದೆ. ಅಂದರೆ ಒಂದು ಊರಿನ ಹಳ್ಳದ ಕಥೆ ಮೇಲೇರುತ್ತ ಆಡಳಿತದ ಒಂದು ರೂಢಿಯ ಕಥೆಯಾಗುತ್ತದೆ. ಇದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ರೂಢಿಯನ್ನು ಸರಿಪಡಿಸಬಲ್ಲವರು ಮೇಲಿನವರೇ ಎಂಬುದು ಲಾಭ. ಮಕ್ಕಳು ಇನ್ನೂ ದಬ್ಬೆಯ ಮೇಲೆ ದಾಟುತ್ತಿದ್ದಾರೆ ಎಂಬ ಮಾತು ಆ ಕೋಷ್ಟಕದ ಯಾವ ಅಂಕಣದಲ್ಲೂ ಇಲ್ಲ ಎಂಬುದು ನಷ್ಟ.

ಸರ್ಕಾರ ಮತ್ತು ಪಂಚಾಯಿತಿಯ ನಡುವಿನ ಸಂಬಂಧ ಹಣದಲ್ಲಿ ಹೇಗೆ ಸಿಕ್ಕು ಬೀಳುತ್ತದೆ ಎಂಬುದಕ್ಕೆ ನಿಮ್ಮ ಬೇಡಿಕೆ, ವಸೂಲಿ, ಬಾಕಿ ವಹಿಯನ್ನೇ ತೆರೆದು ನೋಡಬಹುದು. ನೂರು ರೂಪಾಯಿ ಮನೆಗಂದಾಯದ ಜೊತೆ ಆರೋಗ್ಯ ಕರ 15 ರೂಪಾಯಿ, ಗ್ರಂಥಾಲಯ ಕರ 6 ರೂಪಾಯಿ, ಭಿಕ್ಷುಕರ ಕರ 3 ರೂಪಾಯಿ ಸೇರಿಸಿ ವಸೂಲಿ ಮಾಡುತ್ತೀರಿ. ಈ ಕರಗಳು ಪಂಚಾಯಿತಿಯ ಸ್ವಂತ ಹಣವಲ್ಲ. ಆಯಾ ಬಾಬ್ತಿಗೆ ಜಮೆ ಮಾಡಿ ತಲುಪಿಸಬೇಕಾದ ಹಣ. ನೀರುಗಂಟಿಯ ಸಂಬಳ ಬಾಕಿಯಿರುವಾಗ, ಪಂಪಿನ ವಿದ್ಯುತ್ ಬಿಲ್ಲಿಗೆ ಮೆಸ್ಕಾಂ ನೋಟಿಸು ಬಂದಿರುವಾಗ ಗ್ರಂಥಾಲಯ ಕರದ ಹಣ ಗ್ರಂಥಾಲಯ ಇಲಾಖೆಗೆ ಹೋಗುವುದಿಲ್ಲ. ಪರಿಶೋಧಕ ಆಕ್ಷೇಪಿಸುತ್ತಾನೆ, ಗ್ರಂಥಾಲಯ ಇಲಾಖೆ ಬಾಕಿ ಕೇಳುತ್ತದೆ, ಪಂಚಾಯಿತಿ ಸರ್ಕಾರದಿಂದ ಬರಬೇಕಾದ ಅನುದಾನ ಬಂದಿಲ್ಲ ಎನ್ನುತ್ತದೆ. ಮೂವರ ಮಾತೂ ನಿಜ. ಈ ಮೂವರನ್ನೂ ಒಂದೇ ಮೇಜಿನ ಎದುರು ಕೂರಿಸಬಲ್ಲ ಜಾಗ ವಿಧಾನ ಮಂಡಲದ ಸಮಿತಿ ಒಂದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಒಂದು ಇಲಾಖೆಯ ಕಾರ್ಯದರ್ಶಿ ಇನ್ನೊಂದು ಇಲಾಖೆಯ ಕಾರ್ಯದರ್ಶಿಯನ್ನು ಪ್ರಶ್ನೆ ಕೇಳಲಾರ, ಸಮಿತಿ ಇಬ್ಬರನ್ನೂ ಕೇಳಬಲ್ಲದು.

ಹಂಚಿಕೆಯೇ ಸಾಲದು ಎಂಬ ದೂರಿಗೆ ಸಂವಿಧಾನ ಕೊಟ್ಟ ವೇದಿಕೆ ಬೇರೆ. 243ಐ ಅನುಚ್ಛೇದದಂತೆ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚನೆಯಾಗಬೇಕು. ನಮ್ಮ ಐದನೇ ಆಯೋಗ ಸಿ. ನಾರಾಯಣಸ್ವಾಮಿಯವರ ಅಧ್ಯಕ್ಷತೆಯಲ್ಲಿ 2023ರಲ್ಲಿ ರಚನೆಯಾಯಿತು. ಆಯೋಗದ ಪ್ರತಿಯೊಂದು ಶಿಫಾರಸನ್ನೂ ಅದರ ಮೇಲೆ ಕೈಗೊಂಡ ಕ್ರಮದ ವಿವರಣೆಯೊಂದಿಗೆ ವಿಧಾನ ಮಂಡಲದ ಮುಂದಿಡಬೇಕೆಂದು ಅದೇ ಅನುಚ್ಛೇದ ಹೇಳುತ್ತದೆ. ಶಾಸಕರು ಆ ವಿವರಣಾ ಪತ್ರವನ್ನು ಹಿಡಿದು ಚರ್ಚೆ ಮಾಡಿದರೆ ನಿಮ್ಮ ಪಂಚಾಯಿತಿಗೆ ಆಗುವ ಉಪಕಾರ ಹತ್ತು ಸ್ಥಳ ಪರಿಶೀಲನೆಗಿಂತ ಹೆಚ್ಚು.

ಕೇಂದ್ರದ ಹಣದ ವಿಷಯಕ್ಕೆ ಬಂದರೆ ಸಮಿತಿಯ ಕೈ ಚಿಕ್ಕದಾಗುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಗ್ರಾಮೀಣ ಸಂಸ್ಥೆಗಳ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದು ಕಟ್ಟಿಹಾಕಿತು. ಉಳಿದ ಶೇಕಡಾ 40ನ್ನು ಸಂಬಳ ಮತ್ತು ಕಚೇರಿ ವೆಚ್ಚಕ್ಕಲ್ಲದೆ ಊರಿನ ಬೇರೆ ಅಗತ್ಯಗಳಿಗೆ ಮಾತ್ರ ಬಳಸಬಹುದಿತ್ತು. ನಿಮ್ಮ ಕಾಲುಸಂಕಕ್ಕೆ ಹಣ ಬರಬೇಕಾದದ್ದು ಈ 40ರಿಂದ. ಈ ಷರತ್ತು ಮಲೆನಾಡಿಗೆ ಹೊಂದುತ್ತದೆಯೇ, ಮನೆಗೊಂದು ಜರಿ ನೀರಿನ ಸಾಲಿರುವ, ಮನೆಯಿಂದ ಮನೆಗೆ ಅರ್ಧ ಮೈಲಿ ಇರುವ ಊರಿಗೂ ಬಯಲುಸೀಮೆಯ ಊರಿಗೂ ಒಂದೇ ಅಳತೆ ಸರಿಯೇ ಎಂದು ವಿಧಾನ ಮಂಡಲದ ಸಮಿತಿ ತನ್ನ ವರದಿಯಲ್ಲಿ ಬರೆಯಬಹುದು, ಆದರೆ ಕೇಂದ್ರದ ಅಧಿಕಾರಿಯನ್ನು ಸಾಕ್ಷ್ಯಕ್ಕೆ ಕರೆದು ಕೇಳಲಾಗುವುದಿಲ್ಲ. ಕೇಂದ್ರ ಸಚಿವಾಲಯವನ್ನು ಕೇಳುವುದು ಸಂಸತ್ತಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸ್ಥಾಯಿ ಸಮಿತಿಯ ಕೆಲಸ. ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಾಕುವ ಜಲ ಜೀವನ್ ಮಿಷನ್‌ನಂಥ ಯೋಜನೆಯಲ್ಲಿ ಒಂದು ಸಮಿತಿ ಅರ್ಧವನ್ನು, ಇನ್ನೊಂದು ಸಮಿತಿ ಇನ್ನರ್ಧವನ್ನು ನೋಡುತ್ತದೆ. ಪೈಪು ಹಾಕಿ ಅಗೆದ ಪಂಚಾಯಿತಿ ರಸ್ತೆಯನ್ನು ಮತ್ತೆ ಮುಚ್ಚುವವರು ಯಾರು ಎಂಬ ಪ್ರಶ್ನೆ ಎರಡರ ನಡುವೆ ಬಿದ್ದಿರುತ್ತದೆ.

ನಗರದ ಕಡೆ ಇದೇ ತೊಡಕಿಗೆ ಇನ್ನೊಂದು ರೂಪ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಕಾಮಗಾರಿಗಳನ್ನು ಕೈಗೊಂಡದ್ದು ಪಾಲಿಕೆಯಲ್ಲ, ಅದಕ್ಕೆಂದೇ ಕಂಪನಿ ಕಾಯ್ದೆಯಡಿ ಹುಟ್ಟಿದ ಕಂಪನಿ. 35 ವಾರ್ಡುಗಳ ಪಾಲಿಕೆಗೆ ಚರಂಡಿಯ ಹೊಣೆ, ಕಂಪನಿಗೆ ಅದರ ಮೇಲಿನ ಕಾಲುದಾರಿಯ ಹೊಣೆ. ಇಂಥ ಕಡೆ ಯಾವ ಸಮಿತಿ ಏನನ್ನು ಕೇಳಬೇಕು ಎಂಬುದೇ ಮೊದಲು ತೀರ್ಮಾನವಾಗಬೇಕಾದ ವಿಷಯವಾಗುತ್ತದೆ.

ಇನ್ನು ನಾನು ಹೆಚ್ಚು ಚಿಂತೆ ಪಡುವ ಸಂಗತಿ. ಮೇಲ್ವಿಚಾರಣೆ ಹಳ್ಳಿಯಿಂದ ನೇರವಾಗಿ ವಿಧಾನಸೌಧಕ್ಕೆ ಹಾರಬೇಕಾಗಿರಲಿಲ್ಲ. ಅಧಿನಿಯಮ ಜಿಲ್ಲಾ ಪಂಚಾಯಿತಿಯಲ್ಲೂ ತಾಲ್ಲೂಕು ಪಂಚಾಯಿತಿಯಲ್ಲೂ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿಯನ್ನು ಇರಿಸಿದೆ. ನಿಮ್ಮ ತಾಲ್ಲೂಕಿನ ಪ್ಯಾರಾಗಳನ್ನು, ನಿಮ್ಮ ಹಳ್ಳವನ್ನು ಕಂಡವರೇ ಕುಳಿತು ನೋಡಬೇಕಾದ ಜಾಗ ಅದು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಕುಳಿತರು. ಶಿವಮೊಗ್ಗ ಮಹಾನಗರ ಪಾಲಿಕೆಯ ಸದಸ್ಯರ ಅವಧಿಯೂ 2023ರಲ್ಲಿ ಮುಗಿಯಿತು. ಸದಸ್ಯರೇ ಇಲ್ಲದಲ್ಲಿ ಸ್ಥಾಯಿ ಸಮಿತಿ ಎಲ್ಲಿಯದು? ಅಧಿಕಾರಿಯ ಲೆಕ್ಕವನ್ನು ಅಧಿಕಾರಿಯೇ ನೋಡುವ ಸ್ಥಿತಿ ಬಂತು. ಚುನಾಯಿತ ಮಂಡಳಿ ಇಲ್ಲದ ಸಂಸ್ಥೆಗೆ ಹಣಕಾಸು ಆಯೋಗದ ಅನುದಾನ ಕೊಡಬಾರದೆಂಬ ಷರತ್ತೂ ಅದರ ಮೇಲೆ ಬಂದು ಬಿತ್ತು. 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಚುನಾವಣೆ ನಡೆದಾಗಲೂ ಮತದಾರರ ಪಟ್ಟಿಯಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರು ಇರಲಿಲ್ಲ. ಪರಿಷತ್ತಿನ 75 ಸ್ಥಾನಗಳಲ್ಲಿ 25 ಈ ಕ್ಷೇತ್ರದವು. ನಿಮ್ಮಂಥವರ ಮತದಿಂದಲೇ ಆಯ್ಕೆಯಾಗುವ ಆ ಸದಸ್ಯರು ನಿಮ್ಮ ಅಹವಾಲು ಕೇಳಲು ಬಾಧ್ಯಸ್ಥರು. ಮತ ಕೇಳಲು ಬಂದವರ ದೂರವಾಣಿ ಸಂಖ್ಯೆ ನಿಮ್ಮಲ್ಲಿ ಇದ್ದೇ ಇರುತ್ತದೆ.

ಶಾಸಕರ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಸಮಿತಿಯಲ್ಲಿ ಕೂರುವ ಶಾಸಕರೇ ತಮ್ಮ ಕ್ಷೇತ್ರದಲ್ಲಿ ಕಾಮಗಾರಿ ಹಂಚುವವರೂ ಆಗಿರುತ್ತಾರೆ. ಒಂದು ಹಳ್ಳಕ್ಕೆ ಸಂಕ ಕಟ್ಟಲು ಪಂಚಾಯಿತಿಗೂ ಅಧಿಕಾರವಿದೆ, ಶಾಸಕರ ನಿಧಿಯಿಂದಲೂ ಆಗುತ್ತದೆ, ಶಿವಮೊಗ್ಗದಲ್ಲೇ ಕೇಂದ್ರ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯಿಂದಲೂ ಆಗುತ್ತದೆ. ಹೀಗಿರುವಾಗ ಪಂಚಾಯಿತಿ ಬಲಗೊಳ್ಳಲಿ ಎಂದು ಬಯಸುವ ಉತ್ಸಾಹ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ. ಕಾಗೋಡಿನ ಗೇಣಿದಾರರ ಸತ್ಯಾಗ್ರಹದಿಂದ ಸದನದವರೆಗೆ ಹಕ್ಕಿನ ಮಾತನ್ನು ಒಯ್ದ ಶಾಂತವೇರಿ ಗೋಪಾಲಗೌಡರ ಜಿಲ್ಲೆಯವರಾದ ನಾವು ಇಷ್ಟನ್ನು ಹೇಳಲು ಹಿಂಜರಿಯಬೇಕಾಗಿಲ್ಲ.

ಈಗ ನಿಮ್ಮ ಕಾಲುಸಂಕ. ಅರಣ್ಯ 1976ರ 42ನೇ ತಿದ್ದುಪಡಿಯಿಂದ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋದ ವಿಷಯ, ಆದ್ದರಿಂದ ಸಮಿತಿಯ ಶಿಫಾರಸಿನಿಂದ ಮಾತ್ರ ಅರಣ್ಯ ಜಾಗ ಬಿಡುಗಡೆಯಾಗುವುದಿಲ್ಲ. ಸಮಿತಿಗಾಗಿ ಕಾಯುವ ಅಗತ್ಯವೂ ನಿಮಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಪ್ರಕರಣ ಅರಣ್ಯವಾಸಿಗಳ ಊರಿಗೆ ಬೇಕಾದ ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಕೊಳವೆ, ರಸ್ತೆ ಮುಂತಾದ 13 ಬಗೆಯ ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಬಳಸಲು ಅವಕಾಶ ಕೊಡುತ್ತದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಅದಕ್ಕೆ ಮೊದಲು ಬೇಕಾದದ್ದು ಗ್ರಾಮಸಭೆಯ ಶಿಫಾರಸು. ಪಂಚಾಯಿತಿ ಸಾಮಾನ್ಯ ಸಭೆಯ ನಿರ್ಣಯ ಇದಕ್ಕೆ ನಡೆಯುವುದಿಲ್ಲ. ಗ್ರಾಮಸಭೆಯದ್ದೇ ಆಗಬೇಕು, ಈ ಒಂದು ತಪ್ಪಿನಿಂದ ವಾಪಸಾದ ಪ್ರಸ್ತಾವಗಳನ್ನು ನಾನು ಕಂಡಿದ್ದೇನೆ. ಸಂಕವನ್ನು ರಸ್ತೆಯ ಭಾಗವೆಂದು ಸ್ಪಷ್ಟವಾಗಿ ಬರೆದು, ನಕ್ಷೆ ಮತ್ತು ಅಳತೆಯೊಂದಿಗೆ ವಲಯ ಅರಣ್ಯಾಧಿಕಾರಿಗೆ ಕೊಡಿ. ಉಪ ಅರಣ್ಯ ಸಂರಕ್ಷಣಾಧಿಕಾರಿ ಒಪ್ಪದಿದ್ದರೆ ವಿಷಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ.

ಅಲ್ಲಿಯೂ ನಿಂತರೆ ಆಗ ವಿಧಾನ ಮಂಡಲದ ದಾರಿ ಉಪಯೋಗಕ್ಕೆ ಬರುತ್ತದೆ. ಒಬ್ಬ ಶಾಸಕರ ಮೇಲುಸಹಿಯೊಂದಿಗೆ ಅರ್ಜಿಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ವಿಷಯ ನ್ಯಾಯಾಲಯದಲ್ಲಿ ಇರಬಾರದು. ಮಂತ್ರಿಗಳು ಸದನದಲ್ಲಿ ಮಲೆನಾಡಿನ ಕಾಲುಸಂಕಗಳ ಬಗ್ಗೆ ಯಾವಾಗಲಾದರೂ ‘ಕ್ರಮ ಕೈಗೊಳ್ಳುತ್ತೇವೆ’ ಎಂದಿದ್ದರೆ ಅದು ಭರವಸೆಗಳ ಸಮಿತಿಯ ವ್ಯಾಪ್ತಿಗೆ ಬರುತ್ತದೆ, ನಿಮ್ಮ ಶಾಸಕರು ಅದನ್ನು ಎತ್ತಬಹುದು. ಸ್ಥಳೀಯ ಸಂಸ್ಥೆಗಳ ಸಮಿತಿ ಮತ್ತೆ ಜಿಲ್ಲೆಗೆ ಬಂದರೆ ಮನವಿಯಲ್ಲಿ ಕಷ್ಟದ ವರ್ಣನೆ ಬೇಡ. ಗ್ರಾಮಸಭೆ ಯಾವ ದಿನ ನಿರ್ಣಯಿಸಿತು, ಯಾವ ಕಚೇರಿಗೆ ಯಾವ ದಿನ ಹೋಯಿತು, ಎಷ್ಟು ದಿನದಿಂದ ಅಲ್ಲಿದೆ, ಆ ಅವಧಿಯಲ್ಲಿ ಎಷ್ಟು ಹಣ ಖರ್ಚಾಗದೆ ಉಳಿಯಿತು ಎಂಬ ನಾಲ್ಕು ಸಾಲು ಸಾಕು. ಕಾರ್ಯದರ್ಶಿಯನ್ನು ಪ್ರಶ್ನಿಸಲು ಸಮಿತಿಯ ಸದಸ್ಯರಿಗೆ ದಿನಾಂಕ ಬೇಕು.

ಈ ನಡುವೆ ನಿಮ್ಮ ಪಂಚಾಯಿತಿಯ ಬಾಕಿ ಆಕ್ಷೇಪಣೆಗಳ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಯ ವಿಷಯಸೂಚಿಗೆ ಸೇರಿಸಲು ಕೇಳಿ. ಸದಸ್ಯೆಯಾಗಿ ಅದನ್ನು ಕೇಳುವ ಹಕ್ಕು ನಿಮಗಿದೆ. ವರ್ಷಕ್ಕೊಮ್ಮೆ ನಡೆಯಬೇಕಾದ ಜಮಾಬಂದಿಯಲ್ಲಿ (ಲೆಕ್ಕ ಮತ್ತು ಕಾಮಗಾರಿಗಳ ತಪಾಸಣೆಯಲ್ಲಿ) ಕಾಮಗಾರಿಯ ಸ್ಥಳಕ್ಕೇ ಹೋಗಿ, ಮಳೆಗೆ ಮೊದಲು ಚಿತ್ರ ತೆಗೆಸಿ ಕಡತಕ್ಕೆ ಸೇರಿಸಿ. ಈಗಿನ ಪಿಡಿಒ ವರ್ಗವಾಗುವ ಮುನ್ನ ಪ್ರಭಾರ ಪಟ್ಟಿಯಲ್ಲಿ ಅಳತೆ ಪುಸ್ತಕಗಳ ಸಂಖ್ಯೆ ಒಂದೊಂದಾಗಿ ನಮೂದಾಗಿದೆಯೇ ಎಂದು ನೀವೇ ಕೂತು ನೋಡಿ.